ನಡುವಯಸ್ಸಿನಲ್ಲಿ ನೌಕರಿ ಹೋದವರ ಹೊಸ ಕಾಯಕ



2011ರ ಜುಲೈ 29 ನಮ್ಮ ಸೀಮೆಯ ಜನ ಮರೆಯಲಾಗದ ದಿನ. ಅಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಅದೇ ದಿನ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ ಮತ್ತು ಮನೆಗಳ ತೆರವು ನಡೆಯಿತು. ಸಂಡೂರಿನ ಗಣಿ ಮೇಲ್ವಿಚಾರಕನೂ ಹಂಪಿಯ ಹೋಟೆಲಿನವನೂ ಒಂದೇ ಹಗಲಿನಲ್ಲಿ ಬದುಕಿನ ಆಧಾರ ಕಳೆದುಕೊಂಡರು. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಡನೆ ಕೆಲವು ಗಣಿಗಳಿಗೆ ಮರಳಿ ಅನುಮತಿ ದೊರೆಯಿತಾದರೂ ಹಳೆಯ ಕೆಲಸಗಳೆಲ್ಲ ಹಿಂದಿರುಗಲಿಲ್ಲ. ಆ ಬಳಿಕ, 2015ರಲ್ಲಿ, ಜಲಾಶಯಗಳ ಗೇಟುಗಳನ್ನು ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು.

ನಲವತ್ತೈದು, ಐವತ್ತರ ವಯಸ್ಸಿನಲ್ಲಿ ನೌಕರಿ ಹೋದವನಿಗೆ ಹಣದ ಚಿಂತೆಗಿಂತ ಮೊದಲು ಬರುವುದು ನಾಚಿಕೆ. ಮಗಳ ಮದುವೆ, ಮಗನ ಕಾಲೇಜು, ತಂದೆತಾಯಿಯ ಔಷಧಿ ಎಲ್ಲವೂ ಒಟ್ಟಿಗೆ ಎದುರಾಗುವ ವಯಸ್ಸದು. ಬೆಳಿಗ್ಗೆ ಎಂದಿನಂತೆ ಡಬ್ಬಿ ಕಟ್ಟಿಸಿಕೊಂಡು ಹೊರಟು, ಬಸ್ ನಿಲ್ದಾಣದಲ್ಲಿ ಕುಳಿತು, ಸಂಜೆ ಮನೆಗೆ ಮರಳುವವರೂ ಉಂಟು. ನಿನ್ನೆಯವರೆಗೆ ‘ಸಾಹೇಬರೇ’ ಎನಿಸಿಕೊಂಡವರು ಇಂದು ಖಾನಾವಳಿ ತೆರೆದು ಅನ್ಯರಿಗೆ ರೊಟ್ಟಿ ಬಡಿಸುವುದು ಹೇಗೆಂದು ಹಿಂಜರಿಯುತ್ತಾರೆ.

ಶರಣಧರ್ಮದಲ್ಲಿ ಈ ಹಿಂಜರಿಕೆಗೆ ಎಡೆಯಿಲ್ಲ. ಮೋಳಿಗೆಯ ಮಾರಯ್ಯನವರನ್ನು ನೆನೆಯೋಣ. ಪರಂಪರೆ ಹೇಳುವಂತೆ ಅವರು ಕಾಶ್ಮೀರದ ಅರಸರು. ರಾಜ್ಯವನ್ನು ತೊರೆದು ಪತ್ನಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಹೊತ್ತು ಮಾರಿದರು. ಅರಸೊತ್ತಿಗೆಯನ್ನು ಅವರು ತಾವಾಗಿ ಬಿಟ್ಟರು. ನಮ್ಮ ಸಹೋದರರ ನೌಕರಿಯನ್ನು ಕಾಲ ಕಿತ್ತುಕೊಂಡಿತು. ಈ ವ್ಯತ್ಯಾಸ ಸಣ್ಣದಲ್ಲ, ಅದನ್ನು ಮರೆಮಾಚಿ ಉಪದೇಶಿಸುವುದು ಸಲ್ಲದು. ಆದರೆ ಸೌದೆ ಮಾರುವವರನ್ನು ಕಲ್ಯಾಣವು ಕೀಳಾಗಿ ಕಾಣಲಿಲ್ಲ ಎಂಬುದನ್ನು ಸಮಾಜವಾಗಿ ನಾವು ಗಮನಿಸಬೇಕು. ನೌಕರಿ ಕಳೆದುಕೊಂಡವನು ಅಂಗಡಿ ಇಟ್ಟರೆ ನಗುವವರು ನಾವೇ ಅಲ್ಲವೇ?

ಹುದ್ದೆ ಸಂಸ್ಥೆಯದು, ಕೌಶಲ ಕೈಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಅಳವಡಿಸುವ ಕಾರ್ಯಕ್ಕೆ ಮಾರ್ಗದರ್ಶನ ನೀಡಿದವರು ಇಳಿವಯಸ್ಸಿನ ತಜ್ಞ ಕನ್ನಯ್ಯ ನಾಯ್ಡು ಅವರು. ಆದುದರಿಂದ ಹೊಸದನ್ನು ಹುಡುಕುವ ಮೊದಲು ಇಪ್ಪತ್ತು ವರ್ಷ ಮಾಡಿದ ಕೆಲಸವನ್ನೇ ಬಿಡಿಸಿ ನೋಡಬೇಕು. ಗಣಿಯಲ್ಲಿ ಯಂತ್ರ ರಿಪೇರಿ ಮಾಡಿದವರಿಗೆ ಕಂಪ್ಲಿಯ ಅಕ್ಕಿ ಗಿರಣಿಗಳಲ್ಲೂ ರೈತರ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಲ್ಲೂ ಕೆಲಸವಿದೆ. ಉಗ್ರಾಣ ನೋಡಿಕೊಂಡವರಿಗೆ ದಾಸ್ತಾನಿನ ಲೆಕ್ಕ ಗೊತ್ತು. ನದಿಯಾಚೆ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟಿನ ಆಶ್ರಯದಲ್ಲಿ ಮಹಿಳೆಯರು ಬಾಳೆಯ ನಾರಿನಿಂದ ಬುಟ್ಟಿ, ಚೀಲಗಳನ್ನು ಹೆಣೆಯುತ್ತಾರೆ. ಹೊಲದಲ್ಲಿ ಕೊಳೆಯುತ್ತಿದ್ದ ದಿಂಡು ಅಲ್ಲಿ ಸರಕಾಗಿದೆ. ಹುಲ್ಲಿನ ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನವರ ಕಾಯಕಕ್ಕೆ ಇದು ದೂರವಲ್ಲ.

ಎಲ್ಲರೂ ಮಾಡುತ್ತಿರುವುದನ್ನೇ ಮಾಡಲು ಹೊರಟರೆ ಏನಾಗುತ್ತದೆಂಬುದನ್ನು ಈ ನೆಲ ಕಂಡಿದೆ. ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಸಾಲ ಮಾಡಿ ಲಾರಿ ಕೊಂಡವು. ಗಣಿ ನಿಂತ ಮೇಲೆ ಲಾರಿಗಳು ರಸ್ತೆಬದಿಯಲ್ಲಿ ತುಕ್ಕು ಹಿಡಿದವು, ಕಂತು ಮಾತ್ರ ನಿಲ್ಲಲಿಲ್ಲ. ಇಂದು ಹೋಂಸ್ಟೇ ಕಟ್ಟುವ ಉತ್ಸಾಹ ಕಂಡಾಗ ನಮಗೆ ಆ ಲಾರಿಗಳೇ ನೆನಪಾಗುತ್ತವೆ. 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನ್ಯಾಯಾಲಯದ ತೀರ್ಪಿನ ಬಳಿಕ ನೆಲಸಮವಾದವು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಒಂದು ಕೋಣೆ ಕಟ್ಟುವುದಿದ್ದರೂ ಅನುಮತಿ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಹಾಕಬಾರದು.

ಬಂಡವಾಳದ ವಿಷಯದಲ್ಲಿ ನಮ್ಮ ಅಭಿಪ್ರಾಯ ತುಸು ಕಠಿಣ. ಭವಿಷ್ಯ ನಿಧಿ ಮತ್ತು ಗ್ರಾಚುಟಿಯ ಹಣ ಒಮ್ಮೆಗೇ ಕೈಗೆ ಬಂದಾಗ ಅದು ದೊಡ್ಡದಾಗಿ ಕಾಣುತ್ತದೆ. ಮೊದಲು ಒಂದು ವರ್ಷದ ಮನೆಖರ್ಚನ್ನು ಬೇರೆ ಖಾತೆಯಲ್ಲಿ ಇರಿಸಿ, ಉಳಿದುದರಲ್ಲಿ ಒಂದು ಭಾಗವನ್ನು ಮಾತ್ರ ವ್ಯಾಪಾರಕ್ಕೆ ಹಾಕಿರಿ. ಬಡ್ಡಿ ವ್ಯಾಪಾರಿಗಳ ಬಾಗಿಲಿಗೆ ಹೋಗಬೇಡಿರಿ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ, ‘ಕಿಶೋರ್’ ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ 18 ವರ್ಷ ತುಂಬಿರಬೇಕೆಂಬ ನಿಯಮವಿದೆಯೇ ಹೊರತು ಗರಿಷ್ಠ ವಯೋಮಿತಿಯಿಲ್ಲ. ನಡುವಯಸ್ಸಿನವರಿಗೆ ಇದು ಮುಖ್ಯ. ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಮೇಲೆ ನಗರದಲ್ಲಿ ಶೇ. 15, ಗ್ರಾಮಾಂತರದಲ್ಲಿ ಶೇ. 25ರಷ್ಟು ಸಹಾಯಧನವಿದ್ದು, ಮಹಿಳೆಯರೂ ಸೇರಿದ ವಿಶೇಷ ವರ್ಗಗಳಿಗೆ ಇದು ಕ್ರಮವಾಗಿ ಶೇ. 25 ಮತ್ತು 35. ಆದರೆ ಸಹಾಯಧನ ನೇರವಾಗಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಈ ನೆರವು ಹೊಸ ಘಟಕಗಳಿಗೆ ಮಾತ್ರ. ಆತುರದಿಂದ ಮೊದಲೇ ಅಂಗಡಿ ತೆರೆದು ಬಳಿಕ ಅರ್ಜಿ ಹಾಕಿದರೆ ತಿರಸ್ಕೃತವಾಗಬಹುದು. ನಿಯಮಗಳು ಆಗಾಗ ಬದಲಾಗುವುದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಿರಿ. ಉದ್ಯಮ್ ನೋಂದಣಿ ಉಚಿತ. ಅದಕ್ಕೆಂದು ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿರಿ.

ಲೆಕ್ಕವನ್ನು ಮನೆಯಾಕೆಗೆ ತೋರಿಸಿರಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಕಂಡು ಹಿಂದಿರುಗಿಸುವಂತೆ ಹೇಳಿದವರು ಲಕ್ಕಮ್ಮನವರು. ನಷ್ಟವನ್ನು ಮುಚ್ಚಿಟ್ಟು ಸಾಲದ ಮೇಲೆ ಸಾಲ ಮಾಡುವ ಗಂಡಸರ ಮನೆಗಳಲ್ಲಿ ಲಕ್ಕಮ್ಮನಂಥವರಿಗೆ ಮಾತನಾಡುವ ಅವಕಾಶವೇ ಇರುವುದಿಲ್ಲ. ಮೊದಲ ಆರು ತಿಂಗಳು ಲಾಭ ಬಾರದಿರುವುದು ಸಹಜ. ಎಷ್ಟು ನಷ್ಟವಾದರೆ ನಿಲ್ಲಿಸಬೇಕು ಎಂಬುದನ್ನು ಇಬ್ಬರೂ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳಿತು.

ದಾಸೋಹದ ಕುರಿತೂ ಒಂದು ಮಾತು. ಹೊಸ ವ್ಯಾಪಾರ ಆರಂಭಿಸಿದವರು ಸಂಕೋಚದಿಂದಲೋ ಹರಕೆಯಿಂದಲೋ ಸಾಲದ ಹಣದಲ್ಲೇ ಮಠಕ್ಕೆ ಕಾಣಿಕೆ ತರುವುದುಂಟು. ಅದು ಬೇಡ. ಬ್ಯಾಂಕಿನ ಕಂತು, ಕೆಲಸದವರ ಕೂಲಿ, ಮಕ್ಕಳ ಶುಲ್ಕ ತೀರಿದ ಮೇಲೆ ಉಳಿದುದು ಒಂದು ಸೇರು ಅಕ್ಕಿಯಾದರೂ ಸಾಕು. ಏನೂ ಉಳಿಯದ ವರ್ಷದಲ್ಲಿ ಬರಿಗೈಯಲ್ಲೇ ಬಂದು ಪ್ರಸಾದಕ್ಕೆ ಕುಳಿತುಕೊಳ್ಳಿರಿ.