ಮೆರುಗಿನ ಡಬ್ಬಿಯೊಳಗಿನ ಬೆಂಕಿ

ಹಬ್ಬ ಸಮೀಪಿಸಿತೆಂದರೆ ಬಾಗಿಲಿಗೆ ಬಣ್ಣ, ಮಂಚಕ್ಕೆ ಮೆರುಗು ಹಚ್ಚಿಸುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಹಿಂದೆ ಗೋಡೆಗೆ ಸುಣ್ಣ ಬಳಿಯುತ್ತಿದ್ದಾಗ ಕಣ್ಣಿಗೆ ಸಿಡಿಯದಂತೆ ನೋಡಿಕೊಂಡರೆ ಸಾಕಾಗುತ್ತಿತ್ತು. ಈಗ ಮನೆಯೊಳಗೆ ಬರುವುವು ಎಣ್ಣೆಬಣ್ಣ, ವಾರ್ನಿಷ್, ಪಾಲಿಷ್ ಮತ್ತು ಅವುಗಳನ್ನು ತೆಳುಮಾಡುವ ಥಿನ್ನರ್, ಟರ್ಪೆಂಟೈನ್. ಇವುಗಳ ಸ್ವಭಾವವನ್ನರಿಯದೆ ಇವುಗಳೊಡನೆ ವಾಸಿಸುವುದು ಕ್ಷೇಮಕರವಲ್ಲ.

2023ರ ನವೆಂಬರ್ 13ರಂದು, ದೀಪಾವಳಿಯ ಮರುದಿನ, ನಮ್ಮ ನಗರದ ನಾಂಪಲ್ಲಿಯ ಬಜಾರ್‌ಘಾಟಿನಲ್ಲಿ ನಡೆದ ದುರಂತವನ್ನು ವಾಚಕರು ಮರೆತಿರಲಾರರು. ಜನವಸತಿಯಿದ್ದ ಕಟ್ಟಡದ ಕೆಳ ಅಂತಸ್ತಿನಲ್ಲಿ ರಾಸಾಯನಿಕದ ಡ್ರಮ್ಮುಗಳನ್ನು ಕೂಡಿಡಲಾಗಿತ್ತು. ಅಲ್ಲಿಯೇ ಕಾರಿನ ದುರಸ್ತಿ ನಡೆಯುತ್ತಿದ್ದಾಗ ಹಾರಿದ ಕಿಡಿ ಅವುಗಳಿಗೆ ತಗುಲಿತೆಂದು ವರದಿಯಾಯಿತು. ಕನಿಷ್ಠ ಒಂಬತ್ತು ಜನರು ಪ್ರಾಣ ಕಳೆದುಕೊಂಡರು. ಡ್ರಮ್ಮಿಗೂ ನಮ್ಮ ಅಟ್ಟದ ಮೇಲಿನ ಥಿನ್ನರ್ ಡಬ್ಬಿಗೂ ಇರುವ ಭೇದವು ಪ್ರಮಾಣದ್ದು ಮಾತ್ರ; ಎಚ್ಚರಿಕೆಯ ಪಾಠ ಒಂದೇ.

ಜನರು ಸಾಮಾನ್ಯವಾಗಿ ತಿಳಿಯದಿರುವ ಅಂಶವೊಂದಿದೆ. ಇಲ್ಲಿ ಉರಿಯುವುದು ದ್ರವವಲ್ಲ, ಅದರಿಂದೇಳುವ ಆವಿ. ಈ ಆವಿಯು ಗಾಳಿಗಿಂತ ಭಾರವಾದುದು. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು, ಪಕ್ಕದ ಕೋಣೆಯ ಒಲೆಯನ್ನೋ ದೇವರ ಮುಂದಿನ ನಂದಾದೀಪವನ್ನೋ ತಲುಪಿ, ಹೊತ್ತಿಕೊಂಡು ಹಿಂದಿರುಗಬಲ್ಲದು. ಬಣ್ಣಕ್ಕೆ ಬೆರೆಸುವ ಖನಿಜ ಟರ್ಪೆಂಟೈನ್ ಸುಮಾರು 40 ಡಿಗ್ರಿ ಉಷ್ಣದಲ್ಲಿಯೇ ಇಂತಹ ಆವಿಯನ್ನು ಬಿಡುತ್ತದೆ; ಹೈದರಾಬಾದಿನ ಬೇಸಿಗೆಯ ಮಧ್ಯಾಹ್ನಕ್ಕೆ ಆ ಮಟ್ಟವು ದೂರವಲ್ಲ. ಥಿನ್ನರಿಗಾದರೋ ಅಷ್ಟು ಬಿಸಿಯೂ ಬೇಡ.

ಆದಕಾರಣ ಬಣ್ಣದ ಕೆಲಸ ನಡೆಯುವ ಹೊತ್ತಿನಲ್ಲಿ ಕಿಟಕಿ ಬಾಗಿಲುಗಳನ್ನು ತೆರೆದಿಡತಕ್ಕದ್ದು. ಒಲೆ, ದೀಪ, ಊದುಬತ್ತಿ, ಬೀಡಿ ಯಾವುದೂ ಸಮೀಪದಲ್ಲಿ ಕೂಡದು. ವಾಸನೆ ದಟ್ಟವಾಗಿ ತುಂಬಿದ ಕೋಣೆಯಲ್ಲಿ ವಿದ್ಯುತ್ ಗುಂಡಿಯನ್ನು ಒತ್ತಲಾಗದು. ಅದರೊಳಗಿನ ಸಣ್ಣ ಕಿಡಿಯೇ ಸಾಕು. ಅಗಸೆ ಎಣ್ಣೆ ಬೆರೆತ ಪಾಲಿಷಿನಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಅದನ್ನು ನೀರಿನಲ್ಲಿ ಅದ್ದಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹೊರಗಿಡಬೇಕು.

ಅಷ್ಟಾಗಿಯೂ ಬೆಂಕಿ ಹತ್ತಿದರೆ ನೀರೆರಚಬಾರದು. ಉರಿಯುವ ದ್ರವವು ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಬೆಂಕಿ ಚಿಕ್ಕದಾಗಿದ್ದರೆ ಮರಳಿನಿಂದ ಅಥವಾ ಪುಡಿಯ ಅಗ್ನಿಶಾಮಕದಿಂದ ನಂದಿಸಬಹುದು. ದೊಡ್ಡದಾದರೆ ಸಾಮಾನಿನ ಆಶೆಯನ್ನು ಬಿಟ್ಟು ಎಲ್ಲರೂ ಹೊರಬಂದು 101ಕ್ಕೆ ಅಥವಾ 112ಕ್ಕೆ ಕರೆಮಾಡುವುದೇ ವಿವೇಕ.

ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಉಳಿದ ಥಿನ್ನರನ್ನು ಸೋಡಾ ಬಾಟಲಿಗೆ ಸುರಿದಿಡುವ ಅಭ್ಯಾಸವು ಬಹಳ ಮನೆಗಳಲ್ಲಿದೆ. ಬಾಯಾರಿದ ಮಗುವಿಗೆ ಅದು ನೀರಾಗಿಯೇ ಕಾಣುತ್ತದೆ. ಅಕಸ್ಮಾತ್ತಾಗಿ ಕುಡಿದರೆ, ಹಿರಿಯರು ಮಾಡುವಂತೆ ಉಪ್ಪುನೀರು ಕುಡಿಸಿ ವಾಂತಿಮಾಡಿಸಲೇಬಾರದು. ಮೇಲೆ ಬರುವಾಗ ಆ ದ್ರವವು ಶ್ವಾಸಕೋಶವನ್ನು ಹೊಕ್ಕರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ. ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ತತ್‌ಕ್ಷಣ ಆಸ್ಪತ್ರೆಗೆ ಹೊರಡಬೇಕು. 2005ರಲ್ಲಿ ಇದೇ ನಗರದಲ್ಲಿ ಆರಂಭವಾದ 108ರ ಆಂಬುಲೆನ್ಸ್ ಸೇವೆ ಇದ್ದೇ ಇದೆ. ದೆಹಲಿಯ ಏಮ್ಸ್ ಸಂಸ್ಥೆಯ ವಿಷಮಾಹಿತಿ ಕೇಂದ್ರವು 1800 116 117ರಲ್ಲಿ ಸಲಹೆ ನೀಡುತ್ತದೆ.

ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ತೊಳೆದು ವೈದ್ಯರನ್ನು ಕಾಣತಕ್ಕದ್ದು. ಚರ್ಮಕ್ಕೆ ಹತ್ತಿದುದನ್ನು ಸಾಬೂನಿನಿಂದ ತೊಳೆಯಬೇಕೇ ವಿನಾ ಥಿನ್ನರಿನಿಂದ ಒರೆಸಬಾರದು. ಆವಿಯಿಂದ ತಲೆ ತಿರುಗಿದವರನ್ನು ಮೊದಲು ಬಯಲಿನ ಗಾಳಿಗೆ ಕರೆತರುವುದು ಅವಶ್ಯ.

ಹಳೆಯ ಬಾಡಿಗೆ ಮನೆಗಳಲ್ಲಿರುವ ಬಾಂಧವರು ಇನ್ನೊಂದನ್ನು ಗಮನಿಸಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂದು ಕೇಂದ್ರ ಸರಕಾರವು 2016ರಲ್ಲಿ ನಿಯಮ ಮಾಡಿತು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವು ಹೆಚ್ಚಾಗಿರಬಹುದು. ಅದನ್ನು ಒಣಗಿದ್ದಂತೆಯೇ ಕೆರೆದರೆ ಧೂಳು ಮಕ್ಕಳ ಮೈಸೇರಿ ಬುದ್ಧಿಯ ಬೆಳವಣಿಗೆಗೆ ಕುಂದು ತರುತ್ತದೆ. ನೀರು ಚಿಮುಕಿಸಿ ಒದ್ದೆಯಾಗಿ ಉಜ್ಜಿಸುವುದು, ಆ ದಿನ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸುವುದು ಮೇಲು.

ಹೋಟೆಲಿನ ಒಡೆಯರಾದ ನಮ್ಮ ವೃತ್ತಿಬಾಂಧವರಲ್ಲಿ ಕೊನೆಯದಾಗಿ ಒಂದು ವಿಜ್ಞಾಪನೆ. ಊರು ಬಿಟ್ಟು ಬಂದ ಹುಡುಗರು ರಾತ್ರಿ ಮಲಗುವುದು ಬಹುಮಟ್ಟಿಗೆ ಹೋಟೆಲಿನ ಮೇಲಂತಸ್ತಿನಲ್ಲಿ, ಇಲ್ಲವೆ ಉಗ್ರಾಣದ ಮಗ್ಗುಲಿನಲ್ಲಿ. ಮೇಜು ಕುರ್ಚಿಗಳಿಗೆ ಪಾಲಿಷ್ ಹಚ್ಚಿಸಿದ ರಾತ್ರಿ ಅವರನ್ನು ಅಲ್ಲಿ ಮಲಗಿಸಕೂಡದು. ಡಬ್ಬಿಗಳನ್ನು ಮೆಟ್ಟಿಲಿನ ಕೆಳಗೆ ಇಡಲೂ ಕೂಡದು. ಬೆಂಕಿ ಬಿದ್ದಾಗ ಇಳಿದು ಬರಲು ಅವರಿಗಿರುವುದು ಅದೊಂದೇ ದಾರಿ. ಅವರ ತಂದೆತಾಯಿಗಳು ನಮ್ಮನ್ನು ನಂಬಿಯೇ ಮಕ್ಕಳನ್ನು ಕಳುಹಿಸಿಕೊಟ್ಟಿದ್ದಾರೆ.