ಬಾಳೆಹಣ್ಣಿನ ಬಣ್ಣ ಯಾವುದು?

ಮೂರನೇ ತರಗತಿಯ ಮಕ್ಕಳಿಗೆ ಬಾಳೆಹಣ್ಣು ಬಿಡಿಸಲು ಹೇಳಿ. ಹೆಚ್ಚಿನ ಕೈಗಳು ಹಳದಿ ಕ್ರೇಯಾನನ್ನೇ ಹುಡುಕುತ್ತವೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರದ ಶಾಲೆಯಲ್ಲೂ ಹಾಗೇ ಆದರೆ? ಆ ಊರಿನ ಹೆಸರಿನಲ್ಲೇ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬಾಳೆಯ ಸಿಪ್ಪೆ ಕೆಂಪು! ಮಗು ಕಣ್ಣೆದುರಿನ ಹಣ್ಣನ್ನು ಬಿಟ್ಟು ಪುಸ್ತಕದ ಹಣ್ಣನ್ನು ಬಿಡಿಸಿತು. ಚಿತ್ರಕಲಾ ಶಿಕ್ಷಕರ ಕೆಲಸ ಶುರುವಾಗುವುದು ಇಲ್ಲಿಂದಲೇ.

ಇದು ಮಗುವಿನ ತಪ್ಪಲ್ಲ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣತಜ್ಞ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಚಿತ್ರಗಳು ಬೆಳೆಯುವ ಹಂತಗಳನ್ನು ಗುರುತಿಸಿದ್ದಾನೆ. ಎರಡರಿಂದ ನಾಲ್ಕು ವರ್ಷದವರೆಗೆ ಗೀಚಾಟ. ಏಳರಿಂದ ಒಂಬತ್ತರ ಹೊತ್ತಿಗೆ ಮಗು ಪ್ರತಿ ವಸ್ತುವಿಗೂ ಒಂದು ಸಿದ್ಧ ಆಕಾರ, ಒಂದು ಸಿದ್ಧ ಬಣ್ಣ ಗೊತ್ತುಮಾಡಿಕೊಳ್ಳುತ್ತದೆ: ಆಕಾಶ ನೀಲಿ, ಎಲೆ ಹಸಿರು, ಬಾಳೆ ಹಳದಿ. ಇದನ್ನು ಅರಿತ ಶಿಕ್ಷಕ ಕೆಂಪು ಗೆರೆ ಎಳೆದು ತಿದ್ದುವುದಿಲ್ಲ. ಒಂದು ಚಿಪ್ಪು ಬಾಳೆಹಣ್ಣು ತಂದು ಮೇಜಿನ ಮೇಲಿಡುತ್ತಾನೆ.

ಕಲಿಕೆಯ ಮೆಟ್ಟಿಲು

ನಮ್ಮಲ್ಲಿ ಈ ವೃತ್ತಿಗೆ ಬಂದ ಹಲವರ ಮೊದಲ ಮೆಟ್ಟಿಲು ಶಾಲಾ ದಿನಗಳ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳು. ಆಮೇಲೆ ಡ್ರಾಯಿಂಗ್ ಮಾಸ್ಟರ್ ಕೋರ್ಸ್, ಇಲ್ಲವೇ ನಾಲ್ಕು ವರ್ಷದ ದೃಶ್ಯಕಲಾ ಪದವಿ. ಕಲಬುರಗಿಯಲ್ಲಿ ಎಂ.ಎಂ.ಕೆ. ದೃಶ್ಯಕಲಾ ಕಾಲೇಜಿನಂಥ ಸಂಸ್ಥೆ ಇರುವುದರಿಂದ ಈ ಭಾಗದ ಹುಡುಗ ಹುಡುಗಿಯರು ಬಣ್ಣದ ಓದಿಗೆ ಊರು ಬಿಡಲೇಬೇಕೆಂದಿಲ್ಲ.

ಪಾಠದ ಹೆಸರುಗಳು ಒಣಗಿದಂತೆ ಕೇಳಿಸಬಹುದು: ವಸ್ತುಚಿತ್ರ, ನಿಸರ್ಗಚಿತ್ರ, ವಿನ್ಯಾಸ, ಪರ್ಸ್ಪೆಕ್ಟಿವ್. ಆದರೆ ಪರ್ಸ್ಪೆಕ್ಟಿವ್ ಕಲಿಯಲು ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗಿಂತ ಒಳ್ಳೆಯ ತರಗತಿ ಬೇಕೆ? ಬೇರೆ ಮಸೀದಿಗಳಲ್ಲಿ ಕಾಣುವ ಬಯಲಂಗಳ ಇಲ್ಲಿಲ್ಲ. ಪೂರ್ತಿ ಕಟ್ಟಡ ಗುಮ್ಮಟಗಳ ಸೂರಿನ ಕೆಳಗಿದೆ. ಗಿಡ್ಡ ಕಂಬಗಳ ಮೇಲೆ ಅಗಲ ಕಮಾನು, ಅದರಾಚೆ ಇನ್ನೊಂದು, ಮತ್ತೊಂದು. ಒಂದೇ ಅಳತೆಯ ಕಮಾನುಗಳು ದೂರ ಹೋದಂತೆ ಕಿರಿದಾಗುವುದನ್ನು ಪೆನ್ಸಿಲ್ ಹಿಡಿದು ಅಳೆದವನಿಗೆ ಪಠ್ಯದ ನಿಯಮ ಮತ್ತೆ ಮರೆಯುವುದಿಲ್ಲ.

ಒಬ್ಬ ಮಾಸ್ತರರ ಬೆಲೆ

ಕಲಬುರಗಿಯ ರಂಗಮಂದಿರಕ್ಕೆ ಎಸ್.ಎಂ. ಪಂಡಿತರ ಹೆಸರಿದೆ. 1916ರಲ್ಲಿ ಇದೇ ಊರಲ್ಲಿ ಹುಟ್ಟಿದ ಪಂಡಿತರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರುಗಳಿಂದ, 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳಿಂದ ಹೆಸರಾದರು. ಪುರಾಣದ ದೃಶ್ಯಗಳನ್ನು ದೊಡ್ಡ ಕ್ಯಾನ್ವಾಸಿಗೆ ತಂದರು. ಅವರ ಕೈಗೆ ಊರಿನಲ್ಲೇ ಮೊದಲ ತಿದ್ದುಪಾಠ ಕೊಟ್ಟವರು ಶಂಕರರಾವ್ ಆಳಂದಕರ್ ಎಂಬ ಚಿತ್ರಕಲಾ ಶಿಕ್ಷಕರು. ಶಿಷ್ಯನ ಹೆಸರು ಗೊತ್ತಿರುವಷ್ಟು ಜನಕ್ಕೆ ಗುರುವಿನ ಹೆಸರು ಗೊತ್ತಿಲ್ಲ. ಈ ವೃತ್ತಿಯ ಫಲ ಹೆಚ್ಚಾಗಿ ಬೇರೆಯವರ ಸಹಿಯ ಕೆಳಗೇ ಇರುತ್ತದೆ.

ಸ್ಫೂರ್ತಿ ಎಲ್ಲಿದೆ?

"ಏನು ಬಿಡಿಸಲಿ, ಹೊಳೆಯುತ್ತಿಲ್ಲ" ಎನ್ನುವ ದಿನ ಪ್ರತಿ ವಿದ್ಯಾರ್ಥಿಗೂ ಬರುತ್ತದೆ. ಅಂದು ಹೊಳೆಯುವುದಕ್ಕೆ ಕಾಯದೆ ಸ್ಕೆಚ್ ಪುಸ್ತಕ ಹಿಡಿದು ಹೊರಡಬೇಕು. ಶಹಾಬಾದಿ ಕಲ್ಲಿನ ಅಂಗಳ ಒಣಗಿದಾಗ ಬೂದಿ, ನೀರು ಬಿದ್ದರೆ ಕಡುನೀಲಿ. ಎರೆಹೊಲದ ಕಪ್ಪಿನ ಮೇಲೆ ತೊಗರಿ ಹೂವಿನ ಹಳದಿ. ನೋಡುತ್ತ ಗೆರೆ ಎಳೆದಂತೆ ಕಣ್ಣು ಹೊಸದನ್ನು ಕೇಳುತ್ತದೆ. ಸ್ಫೂರ್ತಿ ಎಂದು ನಾವು ಕರೆಯುವುದು ಬಹಳ ಸಲ ಈ ಕೇಳುವಿಕೆಯನ್ನೇ.

ಮಾಡಿ ನೋಡಿ

ಕಮಲಾಪುರದ ಒಂದು ಕೆಂಪು ಬಾಳೆಹಣ್ಣನ್ನು ಕಿಟಕಿಯ ಪಕ್ಕ ಇಡಿ. ಡಬ್ಬಿಯಲ್ಲಿರುವ ಕೆಂಪನ್ನು ಹಾಗೇ ಬಳಿಯಬೇಡಿ. ಕ್ರಿಮ್ಸನ್ನಿಗೆ ತುಸು ಕಂದು ಬೆರೆಸಿ; ನೆರಳಿನ ಬದಿಗೆ ಒಂದು ಹನಿ ನೀಲಿ ಸೇರಿಸಿ. ತೊಟ್ಟಿನ ಹತ್ತಿರ ಹಸಿರು ಉಳಿದಿದೆಯೇ ಎಂದು ನೋಡಿ. ಮುಗಿದ ಮೇಲೆ ಸುಲಿದು, ಒಳಗಿನ ಕೆನೆಬಣ್ಣವನ್ನೂ ಬೆರೆಸಿಕೊಳ್ಳಿ. ಆಮೇಲೆ ಹಣ್ಣನ್ನು ತಿನ್ನಬಹುದು.