ಗುಳಿಗೆಗೆ ಬಗ್ಗದ ಹುಳು ಲಕ್ಕಿ ಸೊಪ್ಪಿಗೆ ಬಗ್ಗೀತೇ?

ತೊಗರಿಯ ರಾಶಿ ಮುಗಿಯುವುದು ಡಿಸೆಂಬರ್, ಜನವರಿ ತಿಂಗಳಲ್ಲಿ. ಅದೇ ವೇಳೆಗೆ ಮಾರುಕಟ್ಟೆಗೆ ಆವಕ ಹೆಚ್ಚಿ ದರ ಇಳಿಯುವುದು ವಾಡಿಕೆ. ಕೆಲವು ತಿಂಗಳು ಕಾದರೆ ಉತ್ತಮ ಬೆಲೆ ದೊರೆಯಬಹುದೆಂಬುದನ್ನು ಕಲಬುರಗಿ ಭಾಗದ ರೈತರು ಅರಿಯದವರೇನಲ್ಲ. ಆದರೂ ಅನೇಕರು ಕಾಯುವುದಿಲ್ಲ. ಸಾಲದ ಒತ್ತಡ ಇದಕ್ಕೆ ಒಂದು ಕಾರಣವಾದರೆ, ಮನೆಯಲ್ಲಿಟ್ಟ ಕಾಳಿಗೆ ಹುಳು ಬಿದ್ದೀತೆಂಬ ಅಂಜಿಕೆ ಮತ್ತೊಂದು.

ಈ ಅಂಜಿಕೆ ನಿರಾಧಾರವೂ ಅಲ್ಲ. ದ್ವಿದಳ ಧಾನ್ಯಗಳ ದುಂಬಿಯು ಹೊಲದಲ್ಲಿಯೇ ಬಲಿತ ಕಾಯಿಗಳ ಮೇಲೆ ಮೊಟ್ಟೆಯಿಟ್ಟು, ರಾಶಿಯೊಂದಿಗೇ ಮನೆ ಸೇರುತ್ತದೆ. ಒಂದು ಹೆಣ್ಣು ದುಂಬಿ ನೂರರ ಸಮೀಪ ಮೊಟ್ಟೆಗಳನ್ನಿಡಬಲ್ಲದು. ಮೊಟ್ಟೆಯೊಡೆದ ಮರಿಯು ಕಾಳನ್ನು ಕೊರೆದು ಒಳಹೊಕ್ಕು, ಅಲ್ಲಿಯೇ ತಿಂದು ಬೆಳೆದು, ಬೆಚ್ಚಗಿನ ಹವೆಯಲ್ಲಿ ಸುಮಾರು ನಾಲ್ಕು ವಾರಗಳೊಳಗೆ ದುಂಡನೆಯ ರಂಧ್ರ ಮಾಡಿಕೊಂಡು ಹೊರಬೀಳುತ್ತದೆ. ಹೊರಬಂದ ದುಂಬಿ ಕಾಳನ್ನು ತಿನ್ನುವುದಿಲ್ಲ. ಮುಂದಿನ ಪೀಳಿಗೆಗೆ ಮೊಟ್ಟೆಯಿಡುವುದಷ್ಟೇ ಅದರ ಕೆಲಸ. ಅಂದರೆ ನಮ್ಮ ಕಣ್ಣಿಗೆ ರಂಧ್ರ ಕಾಣುವ ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಅಕ್ಕಿ, ಜೋಳ, ಗೋಧಿಗಳನ್ನು ಕಾಡುವ ಸೊಂಡಿಲು ಕೀಟದ ಮರಿಯೂ ಹೀಗೆಯೇ ಕಾಳಿನೊಳಗೆ ಅಡಗಿ ಬೆಳೆಯುತ್ತದೆ.

ಕಾಳಿನೊಳಗಿರುವ ಹುಳುವನ್ನು ಮೇಲೆ ಸಿಂಪಡಿಸಿದ ಔಷಧಿ ಮುಟ್ಟಲಾರದು. ಅದನ್ನು ತಲುಪಬೇಕಾದರೆ ವಿಷವು ಅನಿಲರೂಪದಲ್ಲಿರಬೇಕು. ಧೂಮೀಕರಣ ಎಂಬ ವಿಧಾನದ ತಳಹದಿ ಇದೇ. ಹೆಸರಿನಲ್ಲಿ ಧೂಮವಿದ್ದರೂ ಇಲ್ಲಿ ಹೊಗೆ ಇರಬೇಕೆಂದಿಲ್ಲ. ಗಾಳಿಯಾಡದಂತೆ ಮುಚ್ಚಿದ ಜಾಗದಲ್ಲಿ ಅನಿಲವು ಕಾಳುಗಳ ನಡುವೆ ಹರಡಿ, ಕೀಟದ ಮೈಮೇಲಿನ ಉಸಿರಾಟದ ರಂಧ್ರಗಳ ಮೂಲಕ ಒಳಸೇರಬೇಕು, ಅಷ್ಟೆ.

ಎರಡು ಅನಿಲಗಳ ಕಥೆ

ದೀರ್ಘಕಾಲ ಗೋದಾಮುಗಳನ್ನು ಕಾಯ್ದದ್ದು ಎರಡು ಅನಿಲಗಳು. ಅವುಗಳಲ್ಲಿ ಮೀಥೈಲ್ ಬ್ರೋಮೈಡ್ ಓಜೋನ್ ಪದರಕ್ಕೆ ಹಾನಿಕಾರಕವೆಂದು ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ಬಂದಿತು. ಅಭಿವೃದ್ಧಿ ಹೊಂದಿದ ದೇಶಗಳಿಗೆ 2005, ಅಭಿವೃದ್ಧಿಶೀಲ ದೇಶಗಳಿಗೆ 2015 ಕೊನೆಯ ಗಡುವಾಗಿತ್ತು. ಹಡಗಿನಲ್ಲಿ ಸಾಗಿಸುವ ಸರಕಿನ ಕೀಟಮುಕ್ತತೆಯಂತಹ ವಿನಾಯಿತಿಗಳನ್ನು ಬಿಟ್ಟರೆ ಅದರ ಕಾಲ ಮುಗಿಯಿತು.

ಉಳಿದದ್ದು ಫಾಸ್ಫೀನ್. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯು ಗಾಳಿಯ ತೇವಾಂಶದೊಂದಿಗೆ ವರ್ತಿಸಿದಾಗ ಈ ಅನಿಲ ಹೊರಬರುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆ ಸುಮಾರು 1 ಗ್ರಾಂ ಫಾಸ್ಫೀನ್ ನೀಡುತ್ತದೆ. ಅಗ್ಗ, ಸುಲಭ, ಕಾಳಿನ ರಾಶಿಯ ಆಳಕ್ಕೂ ಇಳಿಯುತ್ತದೆ. ಆದರೆ ಮನುಷ್ಯನಿಗೂ ಇದು ಮಾರಕ; ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕೆಂಬ ನಿಯಮವಿದ್ದರೂ, ವಾಸದ ಮನೆಯಲ್ಲಿಯೇ ಮೂಟೆಗಳ ನಡುವೆ ಗುಳಿಗೆಯಿಟ್ಟು ಪಕ್ಕದ ಕೋಣೆಯಲ್ಲಿ ಮಲಗಿದವರು ಪ್ರಾಣ ಕಳೆದುಕೊಂಡ ಪ್ರಕರಣಗಳು ದೇಶದ ಹಲವೆಡೆ ವರದಿಯಾಗಿವೆ.

ಇನ್ನೊಂದು ಸಂಕಟವೆಂದರೆ ಹುಳುಗಳೇ ಈ ಅನಿಲಕ್ಕೆ ಒಗ್ಗಿಕೊಳ್ಳುತ್ತಿರುವುದು. ಸರಿಯಾಗಿ ಮುಚ್ಚದ ಜಾಗದಲ್ಲಿ ಅನಿಲ ಸೋರಿಹೋಗಿ, ಅರೆಬರೆ ಪ್ರಮಾಣಕ್ಕೆ ಸಾಯದೆ ಉಳಿದ ಕೀಟಗಳೇ ಮುಂದಿನ ಪೀಳಿಗೆಯನ್ನು ಹುಟ್ಟಿಸುತ್ತವೆ. ಕೆಂಪು ಹಿಟ್ಟಿನ ದುಂಬಿ ಹಾಗೂ ಧಾನ್ಯ ಕೊರೆಯುವ ಕೀಟದಲ್ಲಿ ಈ ನಿರೋಧಕ ಶಕ್ತಿಗೆ ಕಾರಣವಾದ ವಂಶವಾಹಿಯೊಂದನ್ನು 2012ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಭಾರತದ ಗೋದಾಮುಗಳಲ್ಲಿಯೂ ಇಂತಹ ಕೀಟಗಳು ಪತ್ತೆಯಾಗಿವೆ. ಸಸ್ಯಮೂಲದ ಧೂಮಕಗಳತ್ತ ಸಂಶೋಧಕರ ದೃಷ್ಟಿ ಹೊರಳಿರುವುದು ಈ ಹಿನ್ನೆಲೆಯಲ್ಲಿ.

ಅಜ್ಜಿಯ ಕಣಜದಿಂದ ಪ್ರಯೋಗಾಲಯಕ್ಕೆ

ಕಣಜಕ್ಕೆ ಲಕ್ಕಿ ಸೊಪ್ಪು, ಬೇವಿನ ಎಲೆ ಹಾಕುವುದು, ಅಕ್ಕಿ ಡಬ್ಬದಲ್ಲಿ ಒಣಮೆಣಸಿನಕಾಯಿ ಇಡುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆದರೆ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಬೇವಿನ ಮುಖ್ಯ ಸತ್ವವಾದ ಅಜಾಡಿರಾಕ್ಟಿನ್ ಆವಿಯಾಗುವ ವಸ್ತುವಲ್ಲ. ಅದು ಕೀಟಕ್ಕೆ ಆಹಾರದಲ್ಲಿ ಅರುಚಿ ಹುಟ್ಟಿಸುತ್ತದೆ, ಬೆಳವಣಿಗೆಯನ್ನು ಕೆಡಿಸುತ್ತದೆ. ಬೇವು ಒಳ್ಳೆಯ ರಕ್ಷಕ, ಆದರೆ ಧೂಮಕವಲ್ಲ.

ಧೂಮಕವಾಗಬೇಕಾದರೆ ಸಸ್ಯದ ಸತ್ವವು ತಾನಾಗಿ ಆವಿಯಾಗುವಷ್ಟು ಹಗುರವಾಗಿರಬೇಕು. ನೀಲಗಿರಿ ಎಣ್ಣೆಯ ಸಿನಿಯೋಲ್, ಓಮದ ಥೈಮಾಲ್, ಲವಂಗದ ಯೂಜಿನಾಲ್, ಬೆಳ್ಳುಳ್ಳಿಯ ಗಂಧಕಯುಕ್ತ ಘಾಟು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಹಲವು ಕೀಟದ ನರವ್ಯೂಹವನ್ನು ಘಾಸಿಗೊಳಿಸುತ್ತವೆ. ಸಾಸಿವೆಯದು ಸ್ವಾರಸ್ಯಕರ ಉದಾಹರಣೆ. ಒಣ ಸಾಸಿವೆಗೆ ಘಾಟಿಲ್ಲ. ಜಜ್ಜಿ ನೀರು ತಾಗಿಸಿದಾಗ ಅದರೊಳಗಿನ ಕಿಣ್ವವು ಇನ್ನೊಂದು ಸಂಯುಕ್ತದ ಮೇಲೆ ವರ್ತಿಸಿ, ಕಣ್ಣಲ್ಲಿ ನೀರು ತರಿಸುವ ಅಲೈಲ್ ಐಸೊಥಯೊಸಯನೇಟ್ ಹುಟ್ಟುತ್ತದೆ. ಇದು ಸಂಗ್ರಹ ಕೀಟಗಳಿಗೆ ಪ್ರಬಲ ವಿಷವೆಂದು ಪ್ರಯೋಗಗಳು ತೋರಿಸಿವೆ. ಇಡಿಯ ಸಾಸಿವೆಯನ್ನು ಡಬ್ಬದಲ್ಲಿಟ್ಟು ಹುಳು ಸಾಯಲಿಲ್ಲವೆಂದರೆ ತಪ್ಪು ಸಾಸಿವೆಯದಲ್ಲ!

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಈ ಹಾದಿಯಲ್ಲಿ ಗಮನಾರ್ಹ ಕೆಲಸ ಮಾಡಿದ್ದಾರೆ. ನಮ್ಮ ಉಪ್ಪಿನಕಾಯಿಯ ಮಾಗಳಿ ಬೇರಿನಿಂದ ಅವರು ಬೇರ್ಪಡಿಸಿದ ಡೆಕಾಲಿಸೈಡ್ ಎಂಬ ವಸ್ತುವು ಕೀಟದ ಪಾದದಲ್ಲಿರುವ ರುಚಿಗ್ರಾಹಿಗಳ ಮೂಲಕ ಕೊಲ್ಲುತ್ತದೆಂದು 2012ರಲ್ಲಿ ಪ್ರಕಟವಾಯಿತು. ಹುಳು ಅದರ ಮೇಲೆ ನಡೆದರೆ ಸಾಯುತ್ತದೆ, ತಿಂದರೆ ಸಾಯುವುದಿಲ್ಲ! ಇದು ಸ್ಪರ್ಶವಿಷವೇ ಹೊರತು ಧೂಮಕವಲ್ಲ. ಆದರೆ ಲಂಟಾನದ ಎಲೆಯಿಂದ ದೊರೆತ ಕೌಮರಾನ್ ಆವಿರೂಪದಲ್ಲಿಯೇ ಸಂಗ್ರಹ ಕೀಟಗಳನ್ನು ಕೊಲ್ಲುವುದಾಗಿ ನಂತರದ ಅಧ್ಯಯನಗಳು ತಿಳಿಸಿವೆ. ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ನುಂಗುತ್ತಿರುವ ಈ ಕಳೆಗೆ ಒಂದು ಉಪಯೋಗ ದೊರೆತಲ್ಲಿ ಯಾರಿಗೆ ತಾನೆ ಸಂತೋಷವಾಗದು? ಆದರೆ ಲಂಟಾನ ಸೊಪ್ಪು ದನಗಳಿಗೆ ವಿಷಕಾರಿ. ಪ್ರಯೋಗಾಲಯದಲ್ಲಿ ಬಳಸಿದ್ದು ಬೇರ್ಪಡಿಸಿದ ಸತ್ವವನ್ನು; ಸೊಪ್ಪನ್ನೇ ತಂದು ತಿನ್ನುವ ಕಾಳಿನಲ್ಲಿ ಬೆರೆಸುವುದು ಸಲ್ಲದು.

ಖಾಲಿ ಗಾಜಿನ ಜಾಡಿ, ತುಂಬಿದ ಮೂಟೆ

ಸಸ್ಯಜನ್ಯ ಧೂಮಕಗಳು ಇಷ್ಟು ಗುಣವಂತವಾಗಿದ್ದರೆ ಅಂಗಡಿಗಳಲ್ಲಿ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆ ಸಹಜ. ಪ್ರಯೋಗಗಳಲ್ಲಿ ಬಹಳಷ್ಟು ನಡೆಯುವುದು ಖಾಲಿ ಜಾಡಿಯಲ್ಲಿ. ಅದೇ ಜಾಡಿಗೆ ಕಾಳು ತುಂಬಿದೊಡನೆ ಎಣ್ಣೆಯ ಆವಿಯನ್ನು ಕಾಳುಗಳೇ ಹೀರಿಕೊಳ್ಳುತ್ತವೆ. ಆಗ ಹುಳು ಸಾಯಲು ಹಲವು ಪಟ್ಟು ಹೆಚ್ಚು ಎಣ್ಣೆ ಬೇಕಾಗುತ್ತದೆ. ಫಾಸ್ಫೀನ್‌ನಂತೆ ಈ ಆವಿಗಳು ರಾಶಿಯ ಆಳಕ್ಕೆ ಇಳಿಯುವುದೂ ಇಲ್ಲ. ಕಾಳಿಗೆ ವಾಸನೆ ಹತ್ತುತ್ತದೆ. ಪ್ರಮಾಣ ಹೆಚ್ಚಾದರೆ ಬಿತ್ತನೆ ಬೀಜದ ಮೊಳಕೆ ಶಕ್ತಿಗೂ ಧಕ್ಕೆಯಾಗಬಹುದು. ವ್ಯಾಪಾರಕ್ಕೆ ತರಬೇಕೆಂದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯೂ ಕಡ್ಡಾಯ. ಸಾವಿರಾರು ಟನ್ ಹಿಡಿಯುವ ಸರ್ಕಾರಿ ಗೋದಾಮುಗಳಲ್ಲಿ ಇವು ಗುಳಿಗೆಯ ಸ್ಥಾನ ತುಂಬುತ್ತವೆಂದು ಹೇಳುವುದು ಸದ್ಯಕ್ಕೆ ಅತಿಶಯೋಕ್ತಿಯಾದೀತು.

ಸಸ್ಯಮೂಲದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆಯೂ ಸರಿಯಲ್ಲ. ಬಜೆ ಬೇರಿನ ಎಣ್ಣೆ ಕಾಳಿನ ದುಂಬಿಯ ಮೇಲೆ ಬಲು ಪರಿಣಾಮಕಾರಿ. ಆದರೆ ಅದರಲ್ಲಿರುವ ಬೀಟಾ ಅಸರೋನ್ ಇಲಿಗಳಲ್ಲಿ ಕ್ಯಾನ್ಸರ್ ಉಂಟುಮಾಡಿದ ಕಾರಣ, ಆಹಾರದಲ್ಲಿ ಬಜೆಯ ಬಳಕೆಯನ್ನು ಅಮೆರಿಕ 1968ರಲ್ಲಿಯೇ ನಿಷೇಧಿಸಿತು. ಬಜೆ ಪುಡಿಯನ್ನು ಬಿತ್ತನೆ ಬೀಜಕ್ಕಷ್ಟೇ ಮೀಸಲಿಡುವುದು ಕ್ಷೇಮ.

ಮನೆಯಲ್ಲಿ ಏನು ಮಾಡಬಹುದು?

ನಾಲ್ಕಾರು ಚೀಲ ಕಾಳಿಡುವ ರೈತನ ಮಟ್ಟದಲ್ಲಿ ಸೊಪ್ಪು, ಎಣ್ಣೆಗಳಿಗೆ ಖಂಡಿತ ಸ್ಥಾನವಿದೆ. ಮೊದಲ ಕೆಲಸ ಒಣಗಿಸುವುದು. ಧಾನ್ಯದ ತೇವಾಂಶ ಶೇ. 12ಕ್ಕಿಂತ, ಬೇಳೆಕಾಳುಗಳಲ್ಲಿ ಶೇ. 10ಕ್ಕಿಂತ ಕೆಳಗಿರಬೇಕು. ಲಕ್ಕಿ ಅಥವಾ ಬೇವಿನ ಎಲೆಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿಯೇ ಬಳಸಬೇಕು. ಹಸಿ ಎಲೆ ಹಾಕಿದರೆ ತೇವ ಹೆಚ್ಚಿ ಬೂಷ್ಟು ಹಿಡಿಯುತ್ತದೆ. ಹುಳು ಓಡಿಸಲು ಹೋಗಿ ಬೂಷ್ಟು ತಂದಂತಾಗುತ್ತದೆ. ಒಣಗಿದ ಎಲೆಯಿಂದ ಘಾಟು ಹೊರಟುಹೋದ ಮೇಲೆ ಬದಲಾಯಿಸುವುದು ಅವಶ್ಯ. ಎಲೆ ಹಾಕಿದ ಪಾತ್ರೆಯ ಮುಚ್ಚಳ ಬಿಗಿಯಾಗಿರಬೇಕು. ಗೋಣಿಚೀಲದಲ್ಲಿ ಆವಿ ನಿಲ್ಲದು. ತೊಗರಿ, ಹೆಸರು ಮುಂತಾದ ಕಾಳುಗಳಿಗೆ ಕಿಲೋಗೆ 5ರಿಂದ 10 ಮಿ.ಲೀ. ಹರಳೆಣ್ಣೆ ಅಥವಾ ಬೇರಾವುದಾದರೂ ಖಾದ್ಯ ತೈಲ ಸವರುವ ಕ್ರಮ ಇಂದಿಗೂ ಉಪಯುಕ್ತ. ಎಣ್ಣೆಯ ಪದರವು ಕಾಳಿನ ಮೇಲಿನ ಮೊಟ್ಟೆಯ ಉಸಿರುಗಟ್ಟಿಸುತ್ತದೆ.

ಉತ್ತರ ಕರ್ನಾಟಕದ ಹಗೇವು ಇದೇ ಉಸಿರುಗಟ್ಟಿಸುವ ತತ್ವದ ಮೇಲೆ ನಿಂತಿತ್ತು. ನೆಲದೊಳಗಿನ ಕಣಜದ ಬಾಯಿ ಮುಚ್ಚಿದ ಮೇಲೆ ಜೋಳ ಮತ್ತು ಹುಳುಗಳೇ ಒಳಗಿನ ಆಮ್ಲಜನಕ ಮುಗಿಸುತ್ತಿದ್ದವು. ಹಗೇವು ತೆರೆದೊಡನೆ ಇಳಿಯದೆ, ದೀಪ ಇಳಿಬಿಟ್ಟು ಪರೀಕ್ಷಿಸುತ್ತಿದ್ದುದು ಇದೇ ಕಾರಣಕ್ಕೆ. ಇಂದು ದೊರೆಯುವ ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳು ಅದೇ ಕೆಲಸ ಮಾಡುತ್ತವೆ. ಚೆನ್ನಾಗಿ ಒಣಗಿಸಿದ ತೊಗರಿಯನ್ನು ಅಂತಹ ಚೀಲದಲ್ಲಿ ಕಟ್ಟಿಟ್ಟವನಿಗೆ ಗುಳಿಗೆಯೂ ಬೇಕಾಗದು, ಜನವರಿಯ ದರಕ್ಕೇ ಮಾರುವ ಅವಸರವೂ ಇರದು. ಹಳೆಯ ಚೀಲ, ಡ್ರಮ್ಮುಗಳನ್ನೇ ಬಳಸುವವರು ಹೊಸ ರಾಶಿ ತುಂಬುವ ಮುನ್ನ ಹೊಲಿಗೆಯ ಸಂದು, ತಳದ ಮೂಲೆಗಳಲ್ಲಿ ಕಳೆದ ವರ್ಷದ ಕಾಳು ಉಳಿದಿದೆಯೇ ಎಂದು ನೋಡಿ, ಕೊಡವಿ, ಬಿಸಿಲಿಗಿಡಬೇಕು. ಹುಳು ವರ್ಷದಿಂದ ವರ್ಷಕ್ಕೆ ದಾಟುವುದು ಅಲ್ಲಿಂದಲೇ.